ಊರೂರಿನ ಕನ್ನಡ ರೆಕಾರ್ಡ್ ಮಾಡೋದು: ನನ್ನ ಅನುಭವ

ಬೇರೆ ಬೇರೆ ಕಡೆ ಜನ ಮಾತಾಡೋ ಕನ್ನಡನ ರೆಕಾರ್ಡ್ ಮಾಡಿ ಬರೆದಿಡೋ ಕೆಲಸ ಕೆಲವು ವರ್ಷದಿಂದ ಮಾಡ್ತಿದೀನಿ. ಹೊಸದಾಗಿ ಶುರು ಮಾಡೋರು ಒಂದು ಪದದ ಪಟ್ಟಿ ಹಿಡ್ಕೊಂಡು "ನಿಮ್ ಕಡೆ ಇದಕ್ಕೆ ಏನಂತೀರಿ" ಅಂತ ಕೇಳ್ತಾ ಹೋಗ್ತಾರೆ, ಹಂಗೆ ಮಾಡಿದ್ರೆ ಪದ ಸಿಗತ್ತೆ, ಮಾತು ಸಿಗಲ್ಲ.

ಫೋನ್ ಮುಂದಿಟ್ಟ ತಕ್ಷಣ ಎಲ್ರೂ ವಾರ್ತೆ ಓದೋಕೆ ಶುರು ಮಾಡ್ತಾರೆ. ಮಂಡ್ಯ ಕಡೆ ಒಬ್ರು ಅಜ್ಜಿ ನಂಗೆ "ಬೆಳಿಗ್ಗೆ ಹಾಲು ಕರೆಯುತ್ತೇವೆ" ಅಂತ ನಿಧಾನಕ್ಕೆ ಹೇಳಿ, ಮರುಕ್ಷಣ ಬೇಲಿ ಆಚೆ ಇದ್ದೋಳಿಗೆ "ಆಲ್ ಕರ್ದ್ಯೇನವ್ವಾ" ಅಂತ ಕೂಗಿದ್ರು. ಬೇಕಾಗಿರೋದು ಆ ಎರಡನೇದು. ಇನ್ನು ಕೆಲವರು ನಾವಿದೀವಿ ಅಂತ ಹುಷಾರಾಗಿ ಮಾತಾಡೋಕೆ ಹೋಗಿ ಇಲ್ದೇ ಇರೋ ಕಡೆನೂ 'ಹ' ಸೇರಿಸಿ ಆನೆನ ಹಾನೆ ಮಾಡ್ತಾರೆ, ಅದನ್ನೂ ಅಳಿಸ್ಬೇಡಿ. ನಾನು ಮಾಡೋದಿಷ್ಟೇ, ಪರಿಚಯ ಇರೋ ಇಬ್ಬರನ್ನ ಕೂರಿಸಿ, ಮುದ್ದೆ ಗಂಟಾಗದಂಗೆ ತಿರುವೋದು ಹೆಂಗೆ ಅಂತಲೋ ಜಾತ್ರೆ ಮುಂಚೆ ಚೆನ್ನಾಗಿತ್ತಾ ಈಗ ಚೆನ್ನಾಗಿದ್ಯಾ ಅಂತಲೋ ಕೇಳಿ ಬಾಯಿ ಮುಚ್ಕೊಂಡು ಕೂರ್ತೀನಿ, ಅವರವರೇ ವಾದಕ್ಕೆ ಬೀಳ್ತಾರೆ.

ಕೇಳಿಸ್ಕೊಳ್ಳೋವಾಗ ಪದಕ್ಕಿಂತ ಕ್ರಿಯಾಪದದ ಬಾಲ ನೋಡಿ. ಪದ ಎಲ್ಲಿಂದ ಬೇಕಾದ್ರೂ ಬರತ್ತೆ, ಕಲಬುರಗಿ ಕಡೆ ಆಸ್ಪತ್ರೆಗೆ ದವಾಖಾನಿ ಅನ್ನೋದು ನಿಜಾಮರ ಆಳ್ವಿಕೆ ಇದ್ದ ಕಾಲದ ಉರ್ದು ಬಳುವಳಿ. ಆದ್ರೆ ಬಾಲ ಅಷ್ಟು ಸುಲಭಕ್ಕೆ ಬದಲಾಗಲ್ಲ. ಬೆಂಗಳೂರಲ್ಲಿ "ಮಾಡ್ತಿದಾರೆ" ಅನ್ನೋದನ್ನ ಮಂಡ್ಯದಲ್ಲಿ "ಮಾಡ್ತಾವ್ರೆ", ಹುಬ್ಬಳ್ಳಿ ಕಡೆ "ಮಾಡಾಕತ್ತಾರ", ಕಲಬುರಗಿಯಲ್ಲಿ "ಮಾಡ್ಲಕತ್ತಾರ" ಅಂತಾರೆ. ಕುಂದಾಪುರದಲ್ಲಿ ಹುಷಾರು ಮಾರಾಯ್ರೆ, ಅಲ್ಲಿ "ಇತ್ತ್" ಅಂದ್ರೆ ಈಗ ಇದೆ ಅಂತ, ಘಟ್ಟದ ಮೇಲಿನೋರು ಅದನ್ನ ಮುಗಿದು ಹೋದದ್ದು ಅಂದ್ಕೊಂಡು ಬರ್ಕೊಂಡು ಬರ್ತಾರೆ.

ಜಿಲ್ಲೆ ಹೆಸರು ಬರೆದು ಬಿಟ್ರೆ ಸಾಕಾಗಲ್ಲ ಅನ್ನೋದಕ್ಕೆ ನಾನು ಯಾವಾಗ್ಲೂ ಕೊಡೋ ಉದಾಹರಣೆ 'ಐತಿ' ಮತ್ತು 'ಅದ', ಎರಡೂ 'ಇದೆ' ಅನ್ನೋ ಅರ್ಥದ್ದೇ. ಧಾರವಾಡದಲ್ಲಿ ಒಂದೇ ಓಣಿಯಲ್ಲಿ ಬ್ರಾಹ್ಮಣರ ಮನೇಲಿ "ಅದ", ಪಕ್ಕದ ಲಿಂಗಾಯತರ ಮನೇಲಿ "ಐತಿ" ಕೇಳ್ಬೋದು, ಆದ್ರೆ ಅದೇ "ಅದ" ಕಲಬುರಗಿ, ಬೀದರ್ ಕಡೆ ಹೋದ್ರೆ ಎಲ್ಲಾ ಜಾತಿಯೋರ ಬಾಯಲ್ಲೂ ಇದೆ. ಅಂದ್ರೆ ಒಂದು ಕಡೆ ಜಾತಿ ತೋರಿಸೋ ರೂಪ ಇನ್ನೊಂದು ಕಡೆ ಬರೀ ಊರು ತೋರಿಸತ್ತೆ. ಮೈಸೂರು ಕಡೆ 'ಇದೆ', 'ಐತೆ' ಕಥೆನೂ ಹಿಂಗೇ, ಜಾತಿ ಜೊತೆಗೆ ಓದು, ಪೇಟೆ ಒಡನಾಟ ಎಲ್ಲಾ ಸೇರ್ಕೊಳತ್ತೆ, ಒಬ್ಬನೇ ಮನುಷ್ಯ ಬ್ಯಾಂಕಲ್ಲಿ ಒಂದು, ಗದ್ದೇಲಿ ಇನ್ನೊಂದು ಆಡ್ತಾನೆ.

ಅದಕ್ಕೇ ವಯಸ್ಸು, ಓದು, ಜಾತಿ ಎಲ್ಲಾ ಗುರುತು ಹಾಕ್ಕೊಬೇಕು. ಜಾತಿ ಮೊದಲೇ ಕೇಳಿದ್ರೆ ಜನ ಬಿಗಿಯಾಗ್ತಾರೆ. ನಾನು ಕಾಫಿ ಆದ್ಮೇಲೆ, ಎದ್ದು ಹೊರಡೋ ಹೊತ್ತಲ್ಲಿ ಮನೆದೇವ್ರು ಯಾವ್ದು ಅಂತ ಕೇಳ್ತೀನಿ, ಸಾಮಾನ್ಯವಾಗಿ ಮುಂದಿನದನ್ನ ಅವ್ರೇ ಹೇಳ್ತಾರೆ, ಹೇಳ್ದಿದ್ರೆ ಬಿಟ್ಬಿಡ್ತೀನಿ. ಹೆಂಗಸರ ಹತ್ರ ತವರೂರು ಕೇಳೋದು ಮಾತ್ರ ಮರೀಬೇಡಿ, ಮದುವೆ ಆಗಿ ಮೂವತ್ತು ವರ್ಷ ಆದ್ರೂ ತವರಿನ ಮಾತು ಉಳಿದಿರತ್ತೆ, ಅದನ್ನ ಗಂಡನ ಊರಿನ ಲೆಕ್ಕಕ್ಕೆ ಬರೆದ್ರೆ ಎಲ್ಲಿ ಯಾವ ಮಾತು ಅಂತ ತೋರಿಸೋ ನಕ್ಷೆ ಪೂರ್ತಿ ಕೆಡತ್ತೆ.

ಬರೆಯೋವಾಗ ಇನ್ನೊಂದು ತಲೆನೋವು. ಟೈಪ್ ಮಾಡೋ ಹುಡುಗ್ರು ಓದಿದೋರು, ತಮಗೇ ಗೊತ್ತಿಲ್ದಂಗೆ 'ಮನಿ'ನ 'ಮನೆ' ಮಾಡಿ, 'ಬ್ಯಾಡ'ನ 'ಬೇಡ' ಮಾಡಿ ಕಳಿಸ್ತಾರೆ. ಹವ್ಯಕರು "ಅಕ್ಕ ಬಂತು" ಅಂದ್ರೆ ಅದನ್ನೂ "ಅಕ್ಕ ಬಂದಳು" ಮಾಡ್ತಾರೆ, ಅಕ್ಕಂಗೆ ಮರ್ಯಾದೆ ಕಮ್ಮಿ ಆಯ್ತು ಅಂತ ಪಾಪ. ಅಲ್ಲಿ ಹೆಂಗಸರಿಗೆ ಹಾಗೇ ಹೇಳೋದು, ಅದರಲ್ಲಿ ಅವಮಾನ ಏನಿಲ್ಲ. ಈಗ ಪ್ರತಿ ಪುಟನೂ ಆಡಿಯೋ ಜೊತೆ ಇಟ್ಟು ನಾನೇ ಇನ್ನೊಂದ್ಸಲ ಕೇಳ್ತೀನಿ, ಒಂದು ಗಂಟೆ ಮಾತಿಗೆ ಅರ್ಧ ದಿನ ಹೋಗತ್ತೆ, ಬೇರೆ ದಾರಿ ನಂಗಂತೂ ಸಿಕ್ಕಿಲ್ಲ.