ಆಸ್ಟ್ರೇಲಿಯಾದ ಮೂಲನಿವಾಸಿಗಳ ಕಲಾಕೇಂದ್ರಗಳನ್ನು ನೋಡುವ ಬಗೆ

ಮಕ್ಕಳ ಮನೆಗೆಂದು ಮೆಲ್ಬರ್ನ್‌ಗೋ ಸಿಡ್ನಿಗೋ ಹೋಗಿ ಕೆಲವು ತಿಂಗಳು ಇದ್ದು ಬರುವ ಕನ್ನಡಿಗರು ಈಗ ಬಹಳ ಮಂದಿ ಇದ್ದಾರೆ. ಒಪೆರಾ ಹೌಸ್, ಗ್ರೇಟ್ ಓಷನ್ ರೋಡ್, ಕಾಂಗರೂಗಳ ಉದ್ಯಾನ ಇವೆಲ್ಲ ಅವರ ಪಟ್ಟಿಯಲ್ಲಿ ತಪ್ಪದೆ ಇರುತ್ತವೆ. ಆದರೆ ಆ ನೆಲದಲ್ಲಿ 50,000 ವರ್ಷಗಳಿಗೂ ಹೆಚ್ಚು ಕಾಲದಿಂದ ಬಾಳಿಕೊಂಡು ಬಂದವರ ಕಲೆಗೆ ಮೀಸಲಾದ ಜಾಗಗಳಿಗೆ ಉಳಿಯುವುದು ಕೊನೆಯ ದಿನದ ಒಂದು ಗಂಟೆ ಮಾತ್ರ. ಇಡೀ ಒಂದು ದಿನವನ್ನು ಅವುಗಳಿಗೆ ಕೊಡಲು ಮನಸ್ಸಿರುವವರಿಗಾಗಿ, ಮುಖ್ಯವಾಗಿ ಮೆಲ್ಬರ್ನ್ ನಗರವನ್ನು ಮುಂದಿಟ್ಟುಕೊಂಡು ಇದನ್ನು ಬರೆದಿದೆ.

ದೊಡ್ಡ ಮ್ಯೂಸಿಯಂಗೆ ನೇರವಾಗಿ ಹೋಗುವ ಬದಲು ಫೆಡರೇಷನ್ ಸ್ಕ್ವೇರ್‌ನಲ್ಲಿರುವ ಕೂರಿ ಹೆರಿಟೇಜ್ ಟ್ರಸ್ಟ್‌ನಿಂದ ಆರಂಭಿಸುವುದು ಒಳ್ಳೆಯದು. ‘ಕೂರಿ’ ಎಂದರೆ ದೇಶದ ಆಗ್ನೇಯ ಭಾಗದ ಮೂಲನಿವಾಸಿಗಳು. 1985ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯಲ್ಲಿ ಪ್ರವೇಶ ಉಚಿತ. ಮೂಲನಿವಾಸಿ ಕಲೆಯೆಂದರೆ ಚುಕ್ಕಿಗಳ ಚಿತ್ರವೆಂದು ತಿಳಿದು ಬಂದವರಿಗೆ ಇಲ್ಲಿ ಚುಕ್ಕಿಗಳಿಗಿಂತ ಗೆರೆಗಳೇ ಎದುರಾಗುತ್ತವೆ, ಏಕೆಂದರೆ ಆಗ್ನೇಯ ಭಾಗದ ಜನರು ಗುರಾಣಿ, ದೊಣ್ಣೆಗಳ ಮೇಲೆ ಕೊರೆದದ್ದು ಗೆರೆಗಳ ವಿನ್ಯಾಸವನ್ನು. ಚುಕ್ಕಿಗಳ ಶೈಲಿಯ ಚಿತ್ರಗಳು ಜಗತ್ತಿಗೆ ಪರಿಚಯವಾದದ್ದು ಮಧ್ಯದ ಮರುಭೂಮಿಯ ಪಾಪುನ್ಯ ಎಂಬ ಊರಿನಿಂದ, ಅದೂ 1971ರ ನಂತರ. ಉತ್ತರದ ಆರ್ನೆಮ್ ಲ್ಯಾಂಡ್‌ನಲ್ಲಿ ಮರದ ತೊಗಟೆಯ ಮೇಲೆ ಕಾವಿ ಮುಂತಾದ ಮಣ್ಣಿನ ಬಣ್ಣಗಳಿಂದ ಒಂದಕ್ಕೊಂದು ಅಡ್ಡಹಾಯುವ ಸಣ್ಣ ಗೆರೆಗಳನ್ನು ಎಳೆಯುತ್ತಾರೆ. ಇಷ್ಟು ಭೇದ ಮೊದಲೇ ಗೊತ್ತಿದ್ದರೆ, ಅದೇ ಚೌಕದಲ್ಲಿರುವ ವಿಕ್ಟೋರಿಯಾ ರಾಷ್ಟ್ರೀಯ ಗ್ಯಾಲರಿಯ ಶಾಖೆಗೆ ಹೋದಾಗ ಎಲ್ಲವೂ ಒಂದೇ ರೀತಿ ಕಾಣುವುದಿಲ್ಲ.

ಚಿತ್ರದಷ್ಟೇ ಗಮನವನ್ನು ಅದರ ಪಕ್ಕದ ಫಲಕಕ್ಕೂ ಕೊಡಬೇಕು. ಅದರಲ್ಲಿ ಕಲಾವಿದರ ಹೆಸರಿನ ಜೊತೆಗೆ ಅವರ ಭಾಷಾ ಸಮುದಾಯ, ಊರು, ಬಳಸಿದ ವಸ್ತು, ವರ್ಷ ಇರುತ್ತವೆ. ಹಳೆಯ ವಸ್ತುಗಳ ಮುಂದೆ ಕಲಾವಿದರ ಹೆಸರು ತಿಳಿದಿಲ್ಲವೆಂದು ಬರೆದಿದ್ದರೆ, ಅವನ್ನು ಕೊಂಡೊಯ್ದವರು ಹೆಸರು ಬರೆದಿಟ್ಟುಕೊಳ್ಳುವ ಗೋಜಿಗೆ ಹೋಗದಿದ್ದುದೇ ಸಾಮಾನ್ಯವಾಗಿ ಕಾರಣ. ಚಿತ್ರದ ಹಿಂದಿರುವ ಕಥೆಯನ್ನು ಫಲಕ ಅರ್ಧಕ್ಕೇ ನಿಲ್ಲಿಸಬಹುದು: ಕೆಲವು ಕಥೆಗಳನ್ನು ದೀಕ್ಷೆ ಪಡೆದವರು ಮಾತ್ರ, ಕೆಲವನ್ನು ಹೆಂಗಸರು ಮಾತ್ರ ಅಥವಾ ಗಂಡಸರು ಮಾತ್ರ ಕೇಳಬೇಕೆಂಬ ಕಟ್ಟು ಇದೆ. ಮಾರ್ಗದರ್ಶಕರು ಒಂದು ಪ್ರಶ್ನೆಗೆ ಉತ್ತರಿಸದೆ ಮುಂದೆ ಹೋದರೆ ಅದನ್ನೇ ಮತ್ತೆ ಕೇಳಬಾರದು.

ಮಧ್ಯಾಹ್ನದ ಹೊತ್ತನ್ನು ಕಾರ್ಲ್‌ಟನ್ ಉದ್ಯಾನದಲ್ಲಿರುವ ಮೆಲ್ಬರ್ನ್ ಮ್ಯೂಸಿಯಂನ ಬುಂಜಿಲಾಕ ಎಂಬ ಮೂಲನಿವಾಸಿ ಸಾಂಸ್ಕೃತಿಕ ಕೇಂದ್ರಕ್ಕೆ ಇಟ್ಟುಕೊಳ್ಳಿ. ಇಲ್ಲಿ ದೊಡ್ಡವರಿಗೆ ಟಿಕೆಟ್ ಇದೆ, ಮಕ್ಕಳಿಗೆ ಇಲ್ಲ. 2013ರಲ್ಲಿ ತೆರೆದ ‘ಫಸ್ಟ್ ಪೀಪಲ್ಸ್’ ಪ್ರದರ್ಶನವನ್ನು ಮ್ಯೂಸಿಯಂನ ಪರಿಣತರು ಸಮುದಾಯದ ಹಿರಿಯರ ಜೊತೆ ಕೂತು ರೂಪಿಸಿದ್ದಾರೆ. ಆದ್ದರಿಂದ ವಸ್ತುಗಳ ಜೊತೆ ಅವುಗಳ ಬಗ್ಗೆ ಮಾತನಾಡುವ ಜನರೂ ಇಲ್ಲಿ ಇದ್ದಾರೆ, ಅವರ ಮಾತುಗಳನ್ನು ಕೂತು ಕೇಳಲು ಒಂದು ಪ್ರತ್ಯೇಕ ಜಾಗವೂ ಇದೆ. ಪಾಸಮ್ ಎಂಬ ಪುಟ್ಟ ಪ್ರಾಣಿಯ ಚರ್ಮದ ಹೊದಿಕೆಗಳ ಕಥೆಯನ್ನು ತಿಳಿದೇ ಒಳಗೆ ಹೋಗಬೇಕು. ಹತ್ತಾರು ಚರ್ಮಗಳನ್ನು ಕಾಂಗರೂವಿನ ಸ್ನಾಯುವಿನ ದಾರದಿಂದ ಹೊಲಿದು, ತುಪ್ಪಳವಿಲ್ಲದ ಒಳಮೈಯಲ್ಲಿ ಆಯಾ ಕುಲದ ಗುರುತುಗಳನ್ನು ಗೀರುತ್ತಿದ್ದರು. ಮಗು ಬೆಳೆದಂತೆ ಹೊಸ ಚರ್ಮಗಳನ್ನು ಸೇರಿಸಿ ಹೊದಿಕೆಯನ್ನೂ ದೊಡ್ಡದು ಮಾಡುತ್ತಿದ್ದರು. 19ನೇ ಶತಮಾನದ ಅಂಥ ಎರಡು ಹೊದಿಕೆಗಳು, 1853ರ ಎಚೂಕಾದ್ದು ಮತ್ತು 1872ರ ಲೇಕ್ ಕಾಂಡಾದ್ದು, ಈ ಮ್ಯೂಸಿಯಂನ ಸಂಗ್ರಹದಲ್ಲಿ ಉಳಿದಿವೆ. 1999ರಲ್ಲಿ ಕೆಲವು ಮೂಲನಿವಾಸಿ ಕಲಾವಿದೆಯರು ಲೇಕ್ ಕಾಂಡಾ ಹೊದಿಕೆಯನ್ನು ಹತ್ತಿರದಿಂದ ನೋಡಿದ ಮೇಲೆ ಆ ವಿದ್ಯೆಯನ್ನು ಮತ್ತೆ ಕೈಗೆ ತಂದುಕೊಂಡರು. ಆಸ್ಟ್ರೇಲಿಯಾದಲ್ಲಿ ಪಾಸಮ್ ಸಂರಕ್ಷಿತ ಪ್ರಾಣಿಯಾದ್ದರಿಂದ ಈಗ ಚರ್ಮವನ್ನು ನ್ಯೂಜಿಲೆಂಡ್‌ನಿಂದ ತರಿಸಿಕೊಳ್ಳುತ್ತಾರೆ. 2006ರ ಕಾಮನ್‌ವೆಲ್ತ್ ಕ್ರೀಡಾಕೂಟದ ಉದ್ಘಾಟನೆಯಲ್ಲಿ ಹಿರಿಯರು ಹೊದ್ದು ಬಂದದ್ದು ಹೀಗೆ ಹೊಸದಾಗಿ ಹೊಲಿದ ಹೊದಿಕೆಗಳನ್ನೇ.

ನಡವಳಿಕೆಯ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ತೀರಿಕೊಂಡವರ ಹೆಸರು, ಚಿತ್ರ, ಧ್ವನಿ ಒಳಗಿರಬಹುದೆಂಬ ಎಚ್ಚರಿಕೆ ಬಾಗಿಲಲ್ಲೇ ಇರುತ್ತದೆ. ಅಗಲಿದವರ ಹೆಸರು ಹೇಳಬಾರದೆಂಬ ಪದ್ಧತಿ ಹಲವು ಸಮುದಾಯಗಳಲ್ಲಿ ಇರುವುದರಿಂದ ಅದನ್ನು ಹಾಕಿರುತ್ತಾರೆ. ಫೋಟೋ ತೆಗೆಯುವ ಮುನ್ನ ಪ್ರತಿ ಕೋಣೆಯಲ್ಲೂ ಸೂಚನೆಯನ್ನು ನೋಡಬೇಕು. ಹಿರಿಯರೊಬ್ಬರನ್ನು ಹೆಸರಿನ ಮೊದಲು ‘ಆಂಟಿ’ ಅಥವಾ ‘ಅಂಕಲ್’ ಸೇರಿಸಿ ಪರಿಚಯಿಸಿದರೆ ನೀವೂ ಹಾಗೆಯೇ ಕರೆಯಿರಿ, ಅದು ಅಲ್ಲಿ ಗೌರವದ ಮಾತು.

ಬೇರೆ ಊರುಗಳಿಗೆ ಹೋಗುವವರು ಸಿಡ್ನಿಯಲ್ಲಿ ನ್ಯೂ ಸೌತ್ ವೇಲ್ಸ್ ಕಲಾ ಗ್ಯಾಲರಿಯ ಯಿರಿಬಾನ ವಿಭಾಗವನ್ನೂ, ಅಡಿಲೇಡ್‌ನಲ್ಲಿ ಸೌತ್ ಆಸ್ಟ್ರೇಲಿಯನ್ ಮ್ಯೂಸಿಯಂ ಅನ್ನೂ ನೋಡಬಹುದು. ಉಲುರು ಬಂಡೆಗೆ ಹೋಗುವವರು ಅದರ ಸುತ್ತ ನಡೆಯುವ ಮೊದಲೇ ಅಲ್ಲಿನ ಸಾಂಸ್ಕೃತಿಕ ಕೇಂದ್ರವನ್ನು ನೋಡಿದರೆ, 2019ರ ಅಕ್ಟೋಬರ್ 26ರಿಂದ ಬಂಡೆ ಹತ್ತುವುದನ್ನು ಏಕೆ ನಿಲ್ಲಿಸಲಾಯಿತೆಂಬುದು ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರ ಮಾತಿನಲ್ಲೇ ತಿಳಿಯುತ್ತದೆ. ಒಂದೇ ಒಂದು ಕಡೆಗೆ ಹೋಗಲು ಸಾಧ್ಯವೆಂದರೆ ನಾನು ಕ್ಯಾನ್‌ಬೆರಾದ ರಾಷ್ಟ್ರೀಯ ಗ್ಯಾಲರಿಯನ್ನು ಸೂಚಿಸುತ್ತೇನೆ. ಬ್ರಿಟಿಷರು ಬಂದು ನೆಲೆಸಿದ 200 ವರ್ಷಗಳನ್ನು ದೇಶ 1988ರಲ್ಲಿ ಸಂಭ್ರಮದಿಂದ ಆಚರಿಸಿದಾಗ, ಆರ್ನೆಮ್ ಲ್ಯಾಂಡ್‌ನ ರಾಮಿಂಗಿನಿಂಗ್ ಪ್ರದೇಶದ 43 ಕಲಾವಿದರು ವರ್ಷಕ್ಕೊಂದರಂತೆ 200 ಟೊಳ್ಳು ಮರದ ಕಾಂಡಗಳಿಗೆ ಬಣ್ಣ ಬರೆದು, ನೆಲಕ್ಕಾಗಿ ಸತ್ತ ತಮ್ಮವರ ಸ್ಮಾರಕವನ್ನು ನಿಲ್ಲಿಸಿದರು; ಅದು ಇರುವುದು ಈ ಗ್ಯಾಲರಿಯಲ್ಲೇ. ಅವರ ಸಂಪ್ರದಾಯದಲ್ಲಿ ಸತ್ತವರ ಮೂಳೆಗಳನ್ನು ಇಡುತ್ತಿದ್ದುದು ಇಂಥ ಕಾಂಡಗಳಲ್ಲೇ. ಕಾಂಡಗಳ ನಡುವಿನ ದಾರಿ ಆ ಕಲಾವಿದರ ನಾಡಿನ ಗ್ಲೈಡ್ ನದಿಯನ್ನು ಸೂಚಿಸುತ್ತದೆ; ಹೊರಗೆ ನಿಂತು ಫೋಟೋ ತೆಗೆದು ಹೊರಡದೆ ಆ ದಾರಿಯಲ್ಲಿ ನಡೆಯಬೇಕು.

ಕೊಳ್ಳುವಾಗ ಮಾತ್ರ ಪ್ರಶ್ನೆ ಕೇಳಲು ಸಂಕೋಚ ಬೇಡ. ಇಂಡೋನೇಷ್ಯಾದಲ್ಲಿ ಮಾಡಿಸಿದ ವಸ್ತುಗಳನ್ನು ಮೂಲನಿವಾಸಿಗಳ ಕೈಕೆಲಸವೆಂದು ಮಾರಿದ ಕಂಪನಿಯೊಂದಕ್ಕೆ 2019ರಲ್ಲಿ ನ್ಯಾಯಾಲಯ 23 ಲಕ್ಷ ಡಾಲರ್ ದಂಡ ಹಾಕಿತು ಎಂದರೆ ನಕಲಿ ವ್ಯಾಪಾರ ಎಷ್ಟಿದೆಯೆಂದು ಊಹಿಸಬಹುದು. ಯಾರು ಮಾಡಿದ್ದು, ಎಲ್ಲಿಯವರು, ಅವರಿಗೆ ಹಣ ಹೇಗೆ ತಲುಪುತ್ತದೆ ಎಂದು ಕೇಳಿ. ಸಮುದಾಯವೇ ನಡೆಸುವ ಕಲಾಕೇಂದ್ರದ ಪ್ರಮಾಣಪತ್ರವಿದೆಯೇ ಎಂದೂ ವಿಚಾರಿಸಿ. ಮೂಲನಿವಾಸಿ ಕಲಾವಿದರೊಂದಿಗೆ ನ್ಯಾಯವಾಗಿ ವ್ಯವಹರಿಸುವ ನಿಯಮಾವಳಿಯಾದ ‘ಇಂಡಿಜಿನಸ್ ಆರ್ಟ್ ಕೋಡ್’ಗೆ ಸಹಿ ಹಾಕಿದ ಅಂಗಡಿಯವರು ಈ ಪ್ರಶ್ನೆಗಳಿಗೆ ಬೇಸರಪಟ್ಟುಕೊಳ್ಳುವುದಿಲ್ಲ. ಮೂಲ ಚಿತ್ರ ಕೈಗೆಟುಕದಿದ್ದರೆ, ಕಲಾವಿದರ ಹೆಸರಿರುವ, ಅವರ ಅನುಮತಿಯಿಂದ ಅಚ್ಚಾದ ಕಾರ್ಡು, ಟೀ ಟವೆಲ್‌ಗಳು ಮ್ಯೂಸಿಯಂ ಅಂಗಡಿಗಳಲ್ಲಿ ಸಿಗುತ್ತವೆ.