ಪ್ಲಗಿನ್ ಲೈಸೆನ್ಸ್: ಕೊಳ್ಳುವ ಮೊದಲು ನೋಡಬೇಕಾದದ್ದು, ಕೊಂಡ ಮೇಲೆ ಮಾಡಬೇಕಾದದ್ದು

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ, ಮನೆಯ ಒಂದು ಕೋಣೆಯಲ್ಲಿ ಲ್ಯಾಪ್‌ಟಾಪ್, ಆಡಿಯೊ ಇಂಟರ್‌ಫೇಸ್ ಮತ್ತು ಮೈಕ್ ಇಟ್ಟುಕೊಂಡು ಭಜನೆ, ಯಕ್ಷಗಾನದ ಪದ, ತುಳು ಹಾಡುಗಳನ್ನು ಧ್ವನಿಮುದ್ರಿಸುವವರು ಇಂದು ಹಲವರಿದ್ದಾರೆ. ಭಾಗವತರ ಸ್ವರಕ್ಕೆ ತಕ್ಕಷ್ಟು ರಿವರ್ಬ್ (ಅನುರಣನ) ಕೊಡುವುದಕ್ಕೂ ಚೆಂಡೆಯ ಅಬ್ಬರದಲ್ಲಿ ಪದದ ಸಾಹಿತ್ಯ ಮುಳುಗದಂತೆ ನೋಡಿಕೊಳ್ಳುವುದಕ್ಕೂ ಅವರು ನೆಚ್ಚಿಕೊಂಡಿರುವುದು ಪ್ಲಗಿನ್‌ಗಳನ್ನು, ಎಂದರೆ ಧ್ವನಿಮುದ್ರಣದ ತಂತ್ರಾಂಶದೊಳಗೆ ಸೇರಿಕೊಂಡು ಕೆಲಸ ಮಾಡುವ ಚಿಕ್ಕ ತಂತ್ರಾಂಶಗಳನ್ನು. ಹಣ ಕೊಟ್ಟಾಗ ನಮಗೆ ದೊರೆಯುವುದು ಅವನ್ನು ಬಳಸುವ ಅನುಮತಿ, ಎಂದರೆ ಲೈಸೆನ್ಸ್, ಮಾತ್ರ. ಒಡೆತನ ತಯಾರಕ ಕಂಪನಿಯಲ್ಲೇ ಉಳಿಯುತ್ತದೆ. ಆದ್ದರಿಂದ ಪ್ಲಗಿನ್‌ನ ನಾದವನ್ನು ಎಷ್ಟು ಎಚ್ಚರದಿಂದ ಕೇಳುತ್ತೇವೆಯೋ, ಅದರ ಅನುಮತಿಯ ಷರತ್ತುಗಳನ್ನೂ ಅಷ್ಟೇ ಎಚ್ಚರದಿಂದ ಓದಬೇಕು.

ಮೊದಲು ಲೈಸೆನ್ಸ್ ಯಾವ ಬಗೆಯದೆಂದು ತಿಳಿದುಕೊಳ್ಳಿ. ಒಮ್ಮೆ ಹಣ ಕೊಟ್ಟು ಕಾಲಮಿತಿಯಿಲ್ಲದೆ ಬಳಸುವುದು ಒಂದು ಬಗೆ. ತಿಂಗಳು ಅಥವಾ ವರ್ಷದ ಚಂದಾ ಕಟ್ಟುವುದು ಇನ್ನೊಂದು. ಕಂತು ತೀರಿದ ಮೇಲೆ ನಮ್ಮದಾಗುವುದು ಮತ್ತೊಂದು. ಚಂದಾ ನಿಂತ ದಿನ ಪ್ಲಗಿನ್ ಕೆಲಸ ನಿಲ್ಲಿಸುತ್ತದೆ. ಎರಡು ವರ್ಷದ ಹಿಂದಿನ ಹಾಡಿನ ಪ್ರಾಜೆಕ್ಟ್ ತೆರೆದರೂ ಆ ಧ್ವನಿ ಹಾಗೆಯೇ ಮರಳಿ ಬರುವುದಿಲ್ಲ. ಪ್ಲಗಿನ್ ತಯಾರಿಸುವ ವೇವ್ಸ್ ಕಂಪನಿ 2023ರ ಮಾರ್ಚ್‌ನಲ್ಲಿ ಇನ್ನು ಮುಂದೆ ಚಂದಾ ಮಾತ್ರ ಎಂದು ಪ್ರಕಟಿಸಿದಾಗ ಬಳಕೆದಾರರು ತೀವ್ರವಾಗಿ ವಿರೋಧಿಸಿದರು, ಮತ್ತು ಕೆಲವೇ ದಿನಗಳಲ್ಲಿ ಕಂಪನಿ ಹಳೆಯ ಶಾಶ್ವತ ಲೈಸೆನ್ಸ್ ಮಾರಾಟವನ್ನು ಮರಳಿ ತಂದಿತು. ಹಾಗೆಂದು ಶಾಶ್ವತ ಲೈಸೆನ್ಸ್ ಎಲ್ಲ ಕಾಲಕ್ಕೂ ನಡೆಯುತ್ತದೆಂದೂ ತಿಳಿಯಬಾರದು. 2019ರಲ್ಲಿ ಆ್ಯಪಲ್ ತನ್ನ ಮ್ಯಾಕ್‌ಓಎಸ್ ಕ್ಯಾಟಲಿನಾದಲ್ಲಿ ಹಳೆಯ ಬಗೆಯ 32 ಬಿಟ್ ತಂತ್ರಾಂಶಗಳನ್ನು ಕೈಬಿಟ್ಟಾಗ, ಹಣ ಕೊಟ್ಟು ಕೊಂಡಿದ್ದ ಎಷ್ಟೋ ಹಳೆಯ ಪ್ಲಗಿನ್‌ಗಳು ಅಲ್ಲಿ ತೆರೆಯಲೇ ಇಲ್ಲ. ಅಪ್‌ಡೇಟ್ ಎಷ್ಟು ಕಾಲ ಉಚಿತ, ಆಮೇಲೆ ಎಷ್ಟು ಹಣ ಎಂಬುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕಾದದ್ದು ಇದಕ್ಕೇ. ಪ್ಲಗಿನ್‌ಗಳು ಒಳಗೆ ಕೂರುವ ಧ್ವನಿಮುದ್ರಣ ತಂತ್ರಾಂಶಗಳಲ್ಲೂ ಹೀಗೆಯೇ: ಎಫ್‌ಎಲ್ ಸ್ಟುಡಿಯೊ ಕೊಂಡವರಿಗೆ ಮುಂದಿನ ಆವೃತ್ತಿಗಳೆಲ್ಲ ಉಚಿತ; ರೀಪರ್‌ನ ಲೈಸೆನ್ಸ್ ಎರಡು ಮುಖ್ಯ ಆವೃತ್ತಿಗಳಷ್ಟು ಕಾಲ ನಡೆಯುತ್ತದೆ.

ಎರಡನೆಯದಾಗಿ, ಪ್ರಯೋಗದ ಆವೃತ್ತಿಯನ್ನು ನಿಮ್ಮದೇ ಪ್ರಾಜೆಕ್ಟ್‌ನಲ್ಲಿ ಹಾಕಿ ನೋಡಿ. ರೀಪರ್ 60 ದಿನ ಪೂರ್ಣವಾಗಿ ತೆರೆದಿರುತ್ತದೆ. ಎಫ್‌ಎಲ್ ಸ್ಟುಡಿಯೊದ ಪ್ರಯೋಗ ಆವೃತ್ತಿಯಲ್ಲಿ ಉಳಿಸಿದ ಪ್ರಾಜೆಕ್ಟನ್ನು ಹಣ ಕೊಡುವವರೆಗೆ ಮತ್ತೆ ತೆರೆಯಲಾಗುವುದಿಲ್ಲ. ಕೆಲವು ಪ್ಲಗಿನ್‌ಗಳು ನಡುನಡುವೆ ಸದ್ದು ಅಡಗಿಸುತ್ತವೆ. ಅಂಥವನ್ನು ಹಾಕಿಕೊಂಡು ಒಪ್ಪಿಕೊಂಡ ಕೆಲಸ ಶುರುಮಾಡುವುದು ಬೇಡ.

ಹಣ ಕಟ್ಟುವಾಗ ಖಾತೆಯನ್ನು ನಿಮ್ಮ ಸ್ವಂತ ಇಮೇಲ್‌ನಲ್ಲೇ ತೆರೆಯಿರಿ. ನಮ್ಮ ಕಡೆ ಕಂಪ್ಯೂಟರ್ ರಿಪೇರಿಯವರೋ ಪರಿಚಯದ ಸ್ಟುಡಿಯೊದವರೋ ಇನ್‌ಸ್ಟಾಲ್ ಮಾಡಿಕೊಡುವಾಗ ತಮ್ಮ ಇಮೇಲ್ ಹಾಕಿಬಿಡುವುದುಂಟು. ಹಾಗಾದರೆ ಕಂಪನಿಯ ದಾಖಲೆಯಲ್ಲಿ ಲೈಸೆನ್ಸ್‌ನ ಒಡೆಯರು ಅವರೇ ಆಗುತ್ತಾರೆ. ದುಡ್ಡು ನಿಮ್ಮದೆಂದು ನಂತರ ಸಾಧಿಸುವುದು ಬಹಳ ಕಷ್ಟ. ವಿದೇಶಿ ಕಂಪನಿಗೆ ಪಾವತಿಸುವವರು ತಮ್ಮ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವಹಿವಾಟನ್ನು ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದುಕೊಂಡಿರಬೇಕು, ಏಕೆಂದರೆ ರಿಸರ್ವ್ ಬ್ಯಾಂಕಿನ 2020ರ ನಿಯಮದ ನಂತರ ಹೊಸ ಕಾರ್ಡುಗಳಲ್ಲಿ ಅದು ಮುಚ್ಚಿಯೇ ಬರುತ್ತದೆ. ತೋರಿಸಿದ ಬೆಲೆಯ ಮೇಲೆ ಶೇ 18ರ ಜಿಎಸ್‌ಟಿ ಸೇರಬಹುದೆಂಬುದೂ ಲೆಕ್ಕದಲ್ಲಿರಲಿ. ಬಿಲ್ಲು ಮತ್ತು ಸೀರಿಯಲ್ ನಂಬರನ್ನು ಕಂಪ್ಯೂಟರಿನ ಹೊರಗೂ ಒಂದು ಕಡೆ ಬರೆದಿಡಿ.

ಇನ್ನು ಆ್ಯಕ್ಟಿವೇಶನ್. ಹೆಚ್ಚಿನ ತೊಂದರೆಗಳು ಹುಟ್ಟುವುದು ಇಲ್ಲಿಯೇ. ಇನ್‌ಸ್ಟಾಲ್ ಮಾಡಿದ ಪ್ಲಗಿನ್ ತೆರೆದ ಕೂಡಲೇ ತನಗೆ ಅನುಮತಿ ಇದೆಯೇ ಎಂದು ಪರಿಶೀಲಿಸುತ್ತದೆ. ಆ ಅನುಮತಿ ಇರುವ ತಾಣಗಳು ಮುಖ್ಯವಾಗಿ ಮೂರು: ಕಂಪ್ಯೂಟರ್, ಯುಎಸ್‌ಬಿ ಡಾಂಗಲ್ (ಪೆನ್‌ಡ್ರೈವ್‌ನಂತೆ ಚುಚ್ಚುವ ಬೀಗದ ಕೈ), ಕ್ಲೌಡ್ (ಇಂಟರ್‌ನೆಟ್ ಮೂಲಕ ತಲುಪುವ ಸರ್ವರ್). ಕಂಪ್ಯೂಟರಿನಲ್ಲಾದರೆ ಯಂತ್ರದ ಬಿಡಿಭಾಗಗಳ ಗುರುತಿನಿಂದ ಒಂದು ಸಂಕೇತ ತಯಾರಾಗಿ, ಕಂಪನಿಯ ಸರ್ವರ್ ಅದನ್ನು ನಿಮ್ಮ ಖಾತೆಗೆ ಜೋಡಿಸುತ್ತದೆ. ಸ್ಟುಡಿಯೊದ ಯಂತ್ರಕ್ಕೆ ಇಂಟರ್‌ನೆಟ್ ಇಲ್ಲದಿದ್ದರೆ, ಕೆಲವು ಕಂಪನಿಗಳು ಆ ಸಂಕೇತದ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು, ಬೇರೆ ಯಂತ್ರದಿಂದ ಕಳುಹಿಸಿ, ಉತ್ತರದ ಫೈಲನ್ನು ತಂದು ಹಾಕಲು ಅವಕಾಶ ಕೊಡುತ್ತವೆ. ಒಂದು ಲೈಸೆನ್ಸಿಗೆ ಎಷ್ಟು ಯಂತ್ರ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ; ಕ್ಯೂಬೇಸ್ ಎಂಬ ಧ್ವನಿಮುದ್ರಣ ತಂತ್ರಾಂಶದ 12ನೆಯ ಆವೃತ್ತಿಯಿಂದೀಚೆಗೆ ಅದರ ತಯಾರಕ ಸ್ಟೈನ್‌ಬರ್ಗ್ ಮೂರು ಕಂಪ್ಯೂಟರುಗಳಿಗೆ ಅವಕಾಶ ಕೊಟ್ಟಿದೆ.

ಹಲವು ಕಂಪನಿಗಳು ಬಳಸುವ ಐಲಾಕ್ ವ್ಯವಸ್ಥೆಯಲ್ಲಿ ಈ ಕೆಲಸ ಕಣ್ಣಿಗೆ ಕಾಣುವಂತೆ ನಡೆಯುತ್ತದೆ. ಐಲಾಕ್ ಲೈಸೆನ್ಸ್ ಮ್ಯಾನೇಜರ್ ತೆರೆದು ಖಾತೆಗೆ ಲಾಗಿನ್ ಆದರೆ, ಎಡಬದಿಯಲ್ಲಿ ನಿಮ್ಮ ಕಂಪ್ಯೂಟರ್ ಮತ್ತು ಚುಚ್ಚಿರುವ ಡಾಂಗಲ್ ಕಾಣುತ್ತವೆ. ಪಟ್ಟಿಯಲ್ಲಿರುವ ಲೈಸೆನ್ಸನ್ನು ಮೌಸ್‌ನಿಂದ ಎಳೆದು ಬೇಕಾದ ತಾಣದ ಮೇಲೆ ಬಿಟ್ಟು ಒಪ್ಪಿಗೆ ಕೊಟ್ಟರೆ ಆ್ಯಕ್ಟಿವೇಶನ್ ಮುಗಿಯಿತು. ಕಂಪ್ಯೂಟರಿನ ಮೇಲೆ ಬಿಡಲು ಎಲ್ಲ ಪ್ಲಗಿನ್‌ಗಳೂ ಒಪ್ಪುವುದಿಲ್ಲ. ಐಲಾಕ್ ಕ್ಲೌಡ್‌ನಲ್ಲಿ ಡಾಂಗಲ್ ಬೇಕಿಲ್ಲ; ಬದಲಾಗಿ ಕೆಲಸ ನಡೆಯುವಷ್ಟು ಹೊತ್ತೂ ಇಂಟರ್‌ನೆಟ್ ಸಂಪರ್ಕ ಬೇಕು. ಆಟಿ ತಿಂಗಳ ಮಳೆಗೆ ಕರೆಂಟು ಹೋಗಿ, ಹಿಂದೆಯೇ ನೆಟ್‌ವರ್ಕೂ ಹೋಗುವ ನಮ್ಮ ಒಳನಾಡಿನ ಊರುಗಳಲ್ಲಿ, ಹಿಮ್ಮೇಳದವರನ್ನೆಲ್ಲ ಕೂರಿಸಿಕೊಂಡು ಮುದ್ರಣಕ್ಕೆ ಹೊರಟವರು ಕ್ಲೌಡನ್ನು ನಂಬುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಮಂಗಳೂರಿನ ಸ್ಟುಡಿಯೊಗೂ ಹೋಗಿಬರುವವರಿಗೆ ಡಾಂಗಲ್ ಅನುಕೂಲ, ಆದರೆ ಅದು ಕಳೆದರೆ ಅದರಲ್ಲಿದ್ದ ಲೈಸೆನ್ಸ್‌ಗಳೂ ಅದರೊಡನೆ ಹೋದಂತೆ; ಮರಳಿ ಪಡೆಯುವುದು ಕಂಪನಿಗಳ ನಿಯಮಕ್ಕೆ ಬಿಟ್ಟದ್ದು. ಡಾಂಗಲ್ ಕೈಯಲ್ಲೇ ಇದ್ದರೂ ಅದರ ಹಿಂದಿನ ಸೇವೆ ನಿಲ್ಲಬಹುದು. ಸ್ಟೈನ್‌ಬರ್ಗ್ ಡಾಂಗಲ್ ಬಳಸುತ್ತಿದ್ದ ತನ್ನ ಹಳೆಯ ಇ-ಲೈಸೆನ್ಸರ್ ಸೇವೆಯನ್ನು 2025ರ ಮೇ ತಿಂಗಳಲ್ಲಿ ನಿಲ್ಲಿಸಿತು.

ಕಂಪ್ಯೂಟರ್ ಫಾರ್ಮ್ಯಾಟ್ ಮಾಡುವ, ಮಾರುವ ಅಥವಾ ಮದರ್‌ಬೋರ್ಡ್ ಬದಲಿಸುವ ಮೊದಲು ಪ್ರತಿಯೊಂದು ಪ್ಲಗಿನ್ನನ್ನೂ ಡಿಆ್ಯಕ್ಟಿವೇಟ್ ಮಾಡಬೇಕು, ಎಂದರೆ ಆ ಯಂತ್ರಕ್ಕೆ ಜೋಡಿಸಿದ ಅನುಮತಿಯನ್ನು ಬಿಡಿಸಬೇಕು. ಮಾಡದಿದ್ದರೆ ಸರ್ವರ್‌ನ ಲೆಕ್ಕದಲ್ಲಿ ಹಳೆಯ ಯಂತ್ರ ಹಾಗೆಯೇ ಉಳಿದು, ಹೊಸದಕ್ಕೆ ಮಿತಿ ಮುಗಿದಿದೆ ಎಂಬ ಉತ್ತರ ಬರುತ್ತದೆ. ಕೆಲವು ಕಂಪನಿಗಳಲ್ಲಿ ಖಾತೆಯ ಪುಟದಿಂದಲೇ ಹಳೆಯ ಯಂತ್ರವನ್ನು ತೆಗೆಯಬಹುದು, ಉಳಿದವುಗಳಿಗೆ ಬಿಲ್ಲು ತೋರಿಸಿ ಪತ್ರ ಬರೆದು ಕಾಯಬೇಕು. ಇದೇ ಸಂದರ್ಭದಲ್ಲಿ, ಮುಗಿದ ಹಾಡಿನ ಪ್ರತಿ ಟ್ರ್ಯಾಕನ್ನೂ ಪ್ಲಗಿನ್‌ನ ಪರಿಣಾಮ ಸಹಿತ ವೇವ್ (WAV) ಎಂಬ ಧ್ವನಿ ಫೈಲಾಗಿ ರೆಂಡರ್ ಮಾಡಿಡುವ ಅಭ್ಯಾಸವೂ ಇರಲಿ. ಲೈಸೆನ್ಸ್ ಹೋದರೂ ಧ್ವನಿ ಉಳಿಯುತ್ತದೆ. ಮಿಕ್ಸಿಂಗ್‌ಗೆಂದು ಬೇರೆಯವರಿಗೆ ಕೊಡುವಾಗಲೂ ಇದೇ ದಾರಿ, ಏಕೆಂದರೆ ಪ್ರಾಜೆಕ್ಟ್ ಫೈಲ್ ಕಳುಹಿಸಿದರೆ ಅದರೊಡನೆ ನಿಮ್ಮ ಲೈಸೆನ್ಸ್ ಹೋಗುವುದಿಲ್ಲ.

ವಾದ್ಯಗಳ ಸ್ಯಾಂಪಲ್ ಲೈಬ್ರರಿ (ಮೊದಲೇ ಮುದ್ರಿಸಿಟ್ಟ ಸ್ವರಗಳ ಸಂಗ್ರಹ) ಕೊಳ್ಳುವವರು ಇನ್ನೊಂದು ಷರತ್ತನ್ನು ಗಮನಿಸಬೇಕು. ಅವುಗಳನ್ನು ಬಳಸಿ ಕಟ್ಟಿದ ಹಾಡನ್ನು ಮಾರಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಬಿಡಿ ಸ್ಯಾಂಪಲ್‌ಗಳನ್ನು ಹಂಚುವುದಕ್ಕೆ, ಅವುಗಳಿಂದಲೇ ಹೊಸ ಲೈಬ್ರರಿ ಮಾಡುವುದಕ್ಕೆ ಅನುಮತಿ ಇರುವುದಿಲ್ಲ.

ಕ್ರ್ಯಾಕ್ ಮಾಡಿದ, ಎಂದರೆ ಅನುಮತಿಯ ಪರಿಶೀಲನೆಯನ್ನು ಮುರಿದ, ಪ್ಲಗಿನ್‌ಗಳ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನಂತೆ, ನಕಲಿ ಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಬಳಸಿದರೆ 7 ದಿನಗಳಿಂದ 3 ವರ್ಷದವರೆಗೆ ಸೆರೆವಾಸ ಮತ್ತು 50,000 ರೂಪಾಯಿಯಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ವ್ಯಾಪಾರದ ಲಾಭಕ್ಕಾಗಿ ಬಳಸಿಲ್ಲದಿದ್ದರೆ ನ್ಯಾಯಾಲಯ ಸೆರೆವಾಸವನ್ನು ಕೈಬಿಡಬಹುದು. ನ್ಯಾಯವಾಗಿ ಕೊಂಡ ತಂತ್ರಾಂಶದ ಒಂದು ಪ್ರತಿಯನ್ನು ಸುರಕ್ಷತೆಗಾಗಿ ತೆಗೆದಿಡಲು ಅದೇ ಕಾಯಿದೆಯ 52ನೆಯ ಕಲಮು ಅವಕಾಶ ಕೊಡುತ್ತದೆ. ಹಣದ ಅಡಚಣೆ ಇರುವವರು ಕಳ್ಳದಾರಿ ಹಿಡಿಯಬೇಕಾದ ಅಗತ್ಯವೂ ಇಲ್ಲ: ಸರ್ಜ್ ಎಕ್ಸ್‌ಟಿ ಎಂಬ ಸಿಂಥಸೈಜರ್ ಮುಕ್ತ ತಂತ್ರಾಂಶ, ವಲ್ಹಾಲಾ ಸೂಪರ್‌ಮ್ಯಾಸಿವ್ ಎಂಬ ರಿವರ್ಬ್ ಮತ್ತು ಟಿಡಿಆರ್ ನೋವಾ ಎಂಬ ಈಕ್ವಲೈಸರ್ ಉಚಿತ.

ಬೇಡವಾದ ಪ್ಲಗಿನ್ನನ್ನು ಮಾರಲು ಹೊರಟರೆ ಮೊದಲು ನೋಡಬೇಕಾದದ್ದು ವರ್ಗಾವಣೆಗೆ ಕಂಪನಿ ಒಪ್ಪುತ್ತದೆಯೇ ಎಂಬುದನ್ನು. ವಿದ್ಯಾರ್ಥಿಗಳ ರಿಯಾಯಿತಿ ಲೈಸೆನ್ಸ್ ಮತ್ತು ಮರುಮಾರಾಟಕ್ಕಲ್ಲ ಎಂದು ನಮೂದಿಸಿದ ಲೈಸೆನ್ಸ್‌ಗಳನ್ನು ಸಾಮಾನ್ಯವಾಗಿ ವರ್ಗಾಯಿಸಲಾಗದು; ಕೆಲವೆಡೆ ವರ್ಗಾವಣೆಗೆ ಶುಲ್ಕವೂ ಉಂಟು. ಮಾರುವವರು ಎಲ್ಲ ಯಂತ್ರಗಳಿಂದ ಡಿಆ್ಯಕ್ಟಿವೇಟ್ ಮಾಡಿ, ಕಂಪನಿಯ ಮೂಲಕವೇ ಲೈಸೆನ್ಸನ್ನು ಕೊಳ್ಳುವವರ ಖಾತೆಗೆ ದಾಟಿಸಬೇಕು. ಬರಿಯ ಸೀರಿಯಲ್ ನಂಬರನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತೇನೆ ಎನ್ನುವವರಿಂದ ಕೊಳ್ಳಬೇಡಿ. ಲೈಸೆನ್ಸ್ ನಿಮ್ಮ ಖಾತೆಯಲ್ಲಿ ನಿಮ್ಮ ಹೆಸರಿನಲ್ಲಿ ಕಾಣಿಸಿದ ಮೇಲೆಯೇ ಪೂರ್ತಿ ಹಣ ಕೊಡಿ.