ಸೌತೆಕಾಯಿ ಎಳೆಯದಾಗಿರುವಾಗಲೇ ಕೊಯ್ಯಿರಿ

ರಾಮನವಮಿ ಕೋಸಂಬರಿಗೆ ಹಿತ್ತಲಿನ ಸೌತೆಕಾಯಿಯೇ ಬೇಕು ಅಂದ್ರೆ ರಥಸಪ್ತಮಿ ಕಳೆದ ಮೇಲೆ ತಡ ಮಾಡದೆ ಬೀಜ ಹಾಕಿಬಿಡಿ. ಹಾಕಿದ 45–50 ದಿನಕ್ಕೆ ಮೊದಲ ಕಾಯಿ ಸಿಗುತ್ತದೆ, ಹಬ್ಬದ ಹೊತ್ತಿಗೆ ಬಳ್ಳಿ ತುಂಬಿರುತ್ತದೆ. ನಮ್ಮ ಮೈಸೂರು, ಮಂಡ್ಯ ಕಡೆ ಆಗ ಚಳಿ ಇಳಿದು ಬಿಸಿಲು ಏರುತ್ತಿರುತ್ತದೆ. ಸೌತೆಗೆ ಬೇಕಾದ್ದೂ ಅದೇ.

ಬೀಜವನ್ನು ಹಿಂದಿನ ರಾತ್ರಿ ನೀರಲ್ಲಿ ನೆನೆಹಾಕಿ. ಸಸಿ ಮಾಡಿ ಕಿತ್ತು ನೆಡುವುದು ಬೇಡ, ಬೇರು ಅಲುಗಿದರೆ ಸೊರಗುತ್ತದೆ. ಬೆಳೆಯುವ ಜಾಗದಲ್ಲೇ ಅರ್ಧ ಇಂಚು ಆಳಕ್ಕೆ ಎರಡು ಮೂರು ಬೀಜ ಹಾಕಿ, ಚೆನ್ನಾಗಿ ಬಂದದ್ದನ್ನು ಮಾತ್ರ ಉಳಿಸಿಕೊಳ್ಳಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮೊದಲೇ ಮಣ್ಣಿಗೆ ಬೆರೆಸಿರಲಿ. ನೆಲದ ಮೇಲೆ ಹಬ್ಬಿದರೂ ಬೆಳೆಯುತ್ತದೆ, ಆದರೆ ಚಪ್ಪರಕ್ಕೋ ಜಾಲರಿಗೋ ಹತ್ತಿಸಿದರೆ ಕಾಯಿ ನೇರವಾಗಿ ಇಳಿಯುತ್ತದೆ, ಕಣ್ಣಿಗೂ ಬೀಳುತ್ತದೆ.

ಹೂವೆಲ್ಲ ಉದುರುತ್ತಿದೆ, ಕಾಯಿ ಕಚ್ಚುತ್ತಿಲ್ಲ ಅಂತ ಎಷ್ಟೋ ಜನ ಗಾಬರಿಯಾಗುತ್ತಾರೆ. ಮೊದಲು ಬರುವುದು ಗಂಡು ಹೂವು. ಅದು ಉದುರಲೇಬೇಕು. ಆಮೇಲೆ ಬರುವ ಹೆಣ್ಣು ಹೂವಿನ ಹಿಂದೆ ಬೆರಳ ತುದಿಯಷ್ಟು ಪುಟ್ಟ ಸೌತೆಕಾಯಿ ಅಂಟಿಕೊಂಡಿರುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ಆ ಹೀಚು ಹಳದಿಯಾಗಿ ಉದುರಿದರೆ ಜೇನುನೊಣ ಬರುತ್ತಿಲ್ಲ ಅಂತ ಅರ್ಥ. ಬೆಳಿಗ್ಗೆ ಒಂದು ಗಂಡು ಹೂವು ಕಿತ್ತು, ಎಸಳು ತೆಗೆದು, ಒಳಗಿನ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆತ್ತಗೆ ಸವರಿ. ಹೂವಿರುವಾಗ ಯಾವ ಔಷಧಿಯನ್ನೂ ಹೊಡೆಯಬೇಡಿ, ಜೇನೇ ಬರುವುದಿಲ್ಲ.

ಕಹಿಯ ವಿಷಯ. ಕೆಲವು ಬೀಜದಲ್ಲೇ ಕಹಿ ಇರುತ್ತದೆ. ಅದು ಬಿಟ್ಟರೆ ಹೆಚ್ಚಿನ ಸಲ ಕಾರಣ ನೀರು. ಎರಡು ದಿನ ಮರೆತು ಮೂರನೇ ದಿನ ಕೊಡಗಟ್ಟಲೆ ಸುರಿಯಬಾರದು. ಬೇಸಿಗೆಯಲ್ಲಿ ದಿನಾ ಬುಡಕ್ಕೆ ಹದವಾಗಿ ಕೊಡಿ, ಎಲೆ ಮೇಲೆ ಬೇಡ. ಬುಡಕ್ಕೆ ಒಣಗಿದ ಕಬ್ಬಿನ ತರಗು ಮುಚ್ಚಿ. ಮಂಡ್ಯದಲ್ಲಿ ಅದಕ್ಕೇನು ಬರವಾ?

ಎಳೆ ಗಿಡದ ಎಲೆಯನ್ನು ಕೆಂಪು ದುಂಬಿ ತೂತು ಮಾಡುತ್ತಿದ್ದರೆ ಬೆಳಗಿನ ಇಬ್ಬನಿ ಇರುವಾಗ ಒಲೆ ಬೂದಿ ಉದುರಿಸಿ. ಹಣ್ಣುನೊಣ ಇದಕ್ಕಿಂತ ಜಾಸ್ತಿ ಕಾಟ. ಅದು ಚುಚ್ಚಿದ ಕಡೆ ಸಣ್ಣ ಚುಕ್ಕೆ, ಅಂಟು ಕಾಣುತ್ತದೆ, ಕಾಯಿ ಸೊಟ್ಟಗಾಗುತ್ತದೆ. ಅಂಥದನ್ನು ಗೊಬ್ಬರದ ಗುಂಡಿಗೆ ಎಸೆಯಬೇಡಿ, ಒಳಗಿನ ಹುಳು ಮಣ್ಣಿಗಿಳಿದು ಮತ್ತೆ ನೊಣವಾಗುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಡಿ. ಒಳ್ಳೆಯ ಹೀಚಿಗೆ ಪೇಪರ್ ಕವರ್ ಕಟ್ಟಿದರೆ ನೊಣ ಮುಟ್ಟುವುದಿಲ್ಲ.

ನಾನು ಒತ್ತಿ ಹೇಳಬೇಕಾದ್ದು ಕೊಯ್ಲಿನ ಬಗ್ಗೆ. ಇನ್ನೂ ಸ್ವಲ್ಪ ದಪ್ಪ ಆಗಲಿ ಅಂತ ಕಾಯಬೇಡಿ. ಬಳ್ಳಿಗೆ ಬೇಕಿರುವುದು ಬೀಜ. ಒಂದು ಕಾಯಿ ಬಲಿತು ಹಣ್ಣಾಗಲು ಶುರುವಾದರೆ ಹೊಸ ಹೂವು ಕಮ್ಮಿಯಾಗುತ್ತದೆ. ಎಳೆಯದರಲ್ಲೇ ಕೊಯ್ಯುತ್ತಿದ್ದರೆ ಮತ್ತೆ ಮತ್ತೆ ಬಿಡುತ್ತದೆ. ಹೂವು ಅರಳಿದ ವಾರ, ಹತ್ತು ದಿನದಲ್ಲಿ ಕಾಯಿ ಸಿದ್ಧ. ಸಿಪ್ಪೆಗೆ ಉಗುರು ಸಲೀಸಾಗಿ ಇಳಿಯಬೇಕು, ಹೊಟ್ಟೆಯ ಭಾಗ ಹಳದಿಗೆ ತಿರುಗಿರಬಾರದು. ಒಂದು ದಿನ ಬಿಟ್ಟು ಒಂದು ದಿನ, ಬಿಸಿಲೇರುವ ಮೊದಲು, ಎಲೆಗಳನ್ನು ಎತ್ತಿ ಎತ್ತಿ ನೋಡಿ. ಹಸಿರು ಎಲೆಯ ಮರೆಯಲ್ಲಿ ಹಸಿರು ಕಾಯಿ ಅಡಗಿ ಕೂತಿರುತ್ತದೆ. ಎಳೆದು ಕೀಳಬೇಡಿ, ಬಳ್ಳಿಯೇ ಕಿತ್ತುಬರುತ್ತದೆ. ಕತ್ತರಿಯಲ್ಲಿ ಸ್ವಲ್ಪ ತೊಟ್ಟು ಬಿಟ್ಟು ಕತ್ತರಿಸಿ. ಸೊಟ್ಟ ಕಾಯಿಯನ್ನೂ ಬಿಡಬೇಡಿ.

ಕಣ್ಣು ತಪ್ಪಿಸಿ ಬಲಿತದ್ದರ ಸಿಪ್ಪೆ, ಬೀಜದ ತಿರುಳು ತೆಗೆದು ಮಜ್ಜಿಗೆಹುಳಿ ಮಾಡಿ, ತುಂಬ ರುಚಿ. ಬಳ್ಳಿ ಮುಗಿಯುವ ಹೊತ್ತಿಗೆ ನಾಟಿ ತಳಿಯ ಒಂದು ಕಾಯಿಯನ್ನು ಮಾತ್ರ ಪೂರ್ತಿ ಹಣ್ಣಾಗಲು ಬಿಟ್ಟು ಬೀಜ ತೆಗೆದಿಡಿ. ಹೈಬ್ರಿಡ್ ಆದರೆ ಆ ಶ್ರಮ ಬೇಡ, ಅದರ ಬೀಜದಿಂದ ಅದೇ ಗುಣದ ಕಾಯಿ ಬರುವುದಿಲ್ಲ.